ಹೆಗ್ಗೋಡಿನ ರಂಗಮಂದಿರ ಕಲಿಸಿದ ಪಾಠ

ಶಾಲೆಯೆಂದರೆ ನಾಲ್ಕು ಗೋಡೆಗಳ ನಡುವಿನ ಪಾಠ, ನಾಟಕವೆಂದರೆ ಜಾತ್ರೆಯ ರಾತ್ರಿಯ ವಿನೋದ ಎಂಬ ವಿಂಗಡಣೆಯನ್ನು ಪ್ರಶ್ನಿಸದೆಯೇ ನಮ್ಮ ತಲೆಮಾರಿನ ಎಷ್ಟೋ ಅಧ್ಯಾಪಕರು ಸೇವೆ ಮುಗಿಸಿದರು. ನಾನೂ ಅವರಲ್ಲೊಬ್ಬ. ಈ ವಿಂಗಡಣೆ ಎಷ್ಟು ಹುಸಿಯೆಂಬುದನ್ನು ಅರಿಯಬೇಕಾದರೆ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನ ಇತಿಹಾಸವನ್ನು ಅವಲೋಕಿಸಬೇಕು.

ಅಡಿಕೆ ತೋಟಗಳ ನಡುವಿನ ಆ ಪುಟ್ಟ ಹಳ್ಳಿಯಲ್ಲಿ 1949ರಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತು. ನಾವೆಲ್ಲ ಇಂದು 'ನೀನಾಸಮ್' ಎಂದು ಕರೆಯುವುದು ಇದನ್ನೇ. ಊರಿನ ಹವ್ಯಾಸಿಗಳು ಕಟ್ಟಿಕೊಂಡ ಇಂತಹ ನಾಟಕ ಸಂಘಗಳು ಆಗ ಮಲೆನಾಡಿನಲ್ಲಿ ಅಪರೂಪವೇನಲ್ಲ. ಅವುಗಳಲ್ಲಿ ಹೆಚ್ಚಿನವು ಒಂದೆರಡು ದಶಕಗಳಲ್ಲಿ ಕಣ್ಮರೆಯಾದವು. ಇದು ಮಾತ್ರ ಉಳಿದು ಬೆಳೆಯಿತು. ಅದರ ಹಿಂದೆ ಕೆ.ವಿ. ಸುಬ್ಬಣ್ಣನವರ ದೀರ್ಘ ಚಿಂತನೆಯಿತ್ತು. ಮೈಸೂರಿನಲ್ಲಿ ಓದಿದ ಅವರು ನಗರದಲ್ಲಿ ನೆಲೆಸದೆ ಹಳ್ಳಿಗೆ ಮರಳಿದರು. ಕೃಷಿಯೊಂದಿಗೆ ನಾಟಕ, ಅನುವಾದ, ಪುಸ್ತಕ ಪ್ರಕಾಶನಗಳನ್ನು ನಡೆಸಿದರು.

1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಅಲ್ಲಿ ಎದ್ದಿತು. ಮರುವರ್ಷ ಚಿತ್ರಸಮಾಜ ಆರಂಭವಾಯಿತು. ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾ ಮೊದಲಾದವರ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದ ಜನ ನೋಡಿದರು. ಪುಣೆಯ ಸತೀಶ್ ಬಹಾದ್ದೂರ್ ಅವರಂತಹ ವಿದ್ವಾಂಸರು ಬಂದು ಚಲನಚಿತ್ರವನ್ನು ನೋಡುವ ಬಗೆಯನ್ನು ಶಿಬಿರಗಳಲ್ಲಿ ಕಲಿಸಿದರು. 'ಹಳ್ಳಿಗರಿಗೆ ಇದೆಲ್ಲ ಅರ್ಥವಾದೀತೇ?' ಎಂದು ಕೇಳುವವರಿಗೆ ಆ ಪ್ರೇಕ್ಷಕರೇ ಉತ್ತರವಾದರು. ಹಸಿವು, ಬಡತನ, ತಂದೆ ಮಕ್ಕಳ ಸಂಬಂಧ ಇವುಗಳನ್ನು ಅರಿಯಲು ಪದವಿ ಬೇಕಿಲ್ಲವಷ್ಟೆ.

1980ರಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. ನಾಡಿನ ಬೇರೆ ಬೇರೆ ಊರುಗಳ ತರುಣ ತರುಣಿಯರು ಒಂದು ವರ್ಷ ಅಲ್ಲಿಯೇ ಉಳಿದು ಅಭಿನಯದೊಡನೆ ರಂಗಸಜ್ಜಿಕೆ, ಬೆಳಕು, ಪ್ರಸಾಧನಗಳನ್ನೂ ಕನ್ನಡದಲ್ಲಿಯೇ ಕಲಿಯತೊಡಗಿದರು. ಬಳಿಕ 1983ರಿಂದ 'ಜನಸ್ಪಂದನ' ಎಂಬ ಯೋಜನೆಯಡಿ, ಫೋರ್ಡ್ ಪ್ರತಿಷ್ಠಾನದ ನೆರವಿನಿಂದ, ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ನಾಟಕ ಮತ್ತು ಚಲನಚಿತ್ರ ಶಿಬಿರಗಳು ನಡೆದವು. ಉತ್ತರ ಕನ್ನಡದ ಮಂಚೀಕೇರಿಯ ಸಿದ್ದಿ ಜನರು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಆಡಿದ 'ಕಪ್ಪು ಜನ ಕೆಂಪು ನೆರಳು' ಈ ಬಗೆಯ ಕೆಲಸದ ಸ್ಮರಣೀಯ ಫಲ. ಅದು ನೈಜೀರಿಯಾದ ಚಿನುವಾ ಅಚಿಬೆಯವರ ಕಾದಂಬರಿಯನ್ನು ಆಧರಿಸಿದ್ದು. ಆಫ್ರಿಕಾ ಮೂಲದ ಪೂರ್ವಜರ ವಂಶದವರು ಆಫ್ರಿಕಾದ ಕಥೆಯನ್ನು ಕನ್ನಡದಲ್ಲಿ ಆಡಿ ತೋರಿಸಿದ್ದು ಸಾಮಾನ್ಯ ಸಂಗತಿಯಲ್ಲ.

ಹೊರಗಿನ ಹಣದಿಂದ ನಡೆಯುವ ಯೋಜನೆಗಳು ಹಣ ಮುಗಿದೊಡನೆ ನಿಲ್ಲುವುದನ್ನು ಶಿಕ್ಷಣ ಕ್ಷೇತ್ರದಲ್ಲಿ ನಾನು ಹಲವು ಬಾರಿ ಕಂಡಿದ್ದೇನೆ. ಇಲ್ಲಿ ಹಾಗಾಗಲಿಲ್ಲ. ರಂಗಶಿಕ್ಷಣ ಪಡೆದ ಕಲಾವಿದರು ಕೈಯಲ್ಲಿದ್ದರು. ಊರೂರುಗಳಲ್ಲಿ ನಾಟಕದ ರುಚಿಯುಳ್ಳ ಸಂಘಟಕರು ಸಿದ್ಧರಾಗಿದ್ದರು. ಇವೆರಡೂ ಕೂಡಿದ್ದರಿಂದ 1985ರಲ್ಲಿ 'ತಿರುಗಾಟ' ಹೊರಟಿತು. ತಂಡವು ಮಳೆಗಾಲದಲ್ಲಿ ನಾಟಕಗಳನ್ನು ಸಿದ್ಧಪಡಿಸಿಕೊಂಡು, ರಂಗಪರಿಕರಗಳೊಂದಿಗೆ ಊರಿಂದೂರಿಗೆ ಸಾಗುತ್ತದೆ. ಊಟ, ವಸತಿ, ಪ್ರದರ್ಶನದ ಏರ್ಪಾಡು ಸ್ಥಳೀಯರದು. ಊರಿನವರು ಹೊಣೆ ಹೊರದಿದ್ದರೆ ನಾಟಕವಿಲ್ಲ. ಈ ಸಂಪ್ರದಾಯದ ಬಲವಿರುವುದು ಇಲ್ಲಿಯೇ ಎಂದು ನನ್ನ ನಂಬಿಕೆ.

ಈಗ ಒಂದು ತಪ್ಪೊಪ್ಪಿಗೆ. ನಾನು ಸೇವೆಯಲ್ಲಿದ್ದ ಊರಿಗೆ ಒಮ್ಮೆ ತಿರುಗಾಟವನ್ನು ಕರೆಸುವ ಮಾತು ಬಂದಾಗ, ಹತ್ತನೆಯ ತರಗತಿಯ ಪರೀಕ್ಷೆಯ ನೆಪ ಹೇಳಿ ಶಾಲೆಯ ಮೈದಾನ ಕೊಡಬಾರದೆಂದು ವಾದಿಸಿದವರಲ್ಲಿ ನಾನೂ ಇದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ಪಟ್ಟು ಬಿಡದೆ ನಾಟಕ ಆಡಿಸಿದರು. ಮರುದಿನ, ವರ್ಷವಿಡೀ ಬಾಯಿ ತೆರೆಯದ ಹುಡುಗನೊಬ್ಬ ನಾಟಕದ ರಾಜನ ನಿರ್ಧಾರ ಸರಿಯೇ ಎಂದು ತರಗತಿಯಲ್ಲಿ ಎದ್ದು ನಿಂತು ಕೇಳಿದ. ಉತ್ತರಿಸಲು ನನಗೆ ಒಂದಿಷ್ಟು ಹೊತ್ತು ಬೇಕಾಯಿತು. ಅವನಿಗೆ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂತೆಂಬುದು ಇಂದು ನೆನಪಿಲ್ಲ. ಆ ಪ್ರಶ್ನೆ ನೆನಪಿದೆ.

ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 2005ರ ಜುಲೈ 16ರಂದು ಅವರು ತೀರಿಕೊಂಡರು. ಅವರು ಹಳ್ಳಿಗೆ ಸಂಸ್ಕೃತಿಯನ್ನು ಒಯ್ದರೆಂದು ಕೆಲವರು ಹೊಗಳುವುದುಂಟು. ಆ ಹೊಗಳಿಕೆ ಸರಿಯಲ್ಲವೆನಿಸುತ್ತದೆ. ಹಳ್ಳಿಯಲ್ಲಿ ಇಲ್ಲದ್ದನ್ನು ಅವರು ತಂದು ಸುರಿಯಲಿಲ್ಲ. ಅಲ್ಲಿನ ಜನರು ಲೋಕದ ಯಾವ ಮಾತಿಗಾದರೂ ಕಿವಿಗೊಡಬಲ್ಲರು, ಮರುಮಾತು ಆಡಬಲ್ಲರು ಎಂದು ನಂಬಿದರು. ಅಧ್ಯಾಪಕನಾದವನು ತನ್ನ ಮಕ್ಕಳ ಬಗ್ಗೆ ಇಡಬೇಕಾದ ನಂಬಿಕೆಯೂ ಅದೇ. ನನಗೆ ಅದು ತಡವಾಗಿ ತಿಳಿಯಿತು.