ಜರ್ಮನಿಯಲ್ಲಿ ಕರ್ನಾಟಕದ ಡಿಎಲ್: ಆರು ತಿಂಗಳಷ್ಟೇ ಮಾನ್ಯ, ಬಳಿಕ ಪರೀಕ್ಷೆ ಕಡ್ಡಾಯ

ಬೆಂಗಳೂರಿಗರ ಬಾಯಲ್ಲಿ ಇನ್ನೂ ಮೈಕೋ ಆಗಿಯೇ ಉಳಿದಿರುವ ಬಾಷ್‌ನ ಮೂಲ ಸಂಸ್ಥೆಯ ಕೇಂದ್ರ ಕಚೇರಿ ಸ್ಟುಟ್‌ಗಾರ್ಟ್ ಸಮೀಪದ ಗೆರ್ಲಿಂಗೆನ್‌ನಲ್ಲಿದೆ. ಸಾಫ್ಟ್‌ವೇರ್ ದೈತ್ಯ ಸ್ಯಾಪ್‌ನ ನೆಲೆ ವಾಲ್‌ಡಾರ್ಫ್. ಇಂತಹ ನಂಟುಗಳ ಕಾರಣದಿಂದ ಉದ್ಯೋಗ ನಿಮಿತ್ತ ಜರ್ಮನಿಗೆ ತೆರಳುವ ಕನ್ನಡಿಗರ ಕೈಚೀಲದಲ್ಲಿ ಪಾಸ್‌ಪೋರ್ಟ್ ಜತೆಗೆ ‘ಕೆಎ’ ಅಕ್ಷರಗಳಿಂದ ಆರಂಭವಾಗುವ ಚಾಲನಾ ಪರವಾನಗಿಯೂ ಇರುತ್ತದೆ. ಅಲ್ಲಿನ ಕಚೇರಿಯೊಂದಕ್ಕೆ ಅದನ್ನು ಒಪ್ಪಿಸಿದರೆ ಜರ್ಮನ್ ಪರವಾನಗಿ ಕೈಸೇರುತ್ತದೆ ಎಂಬುದು ಹಲವರ ನಂಬಿಕೆ. ಜಪಾನ್ ಅಥವಾ ದಕ್ಷಿಣ ಆಫ್ರಿಕಾದಿಂದ ಬಂದವರ ಮಟ್ಟಿಗೆ ಅದು ನಿಜ. ಭಾರತದಿಂದ ಬಂದವರ ಮಟ್ಟಿಗೆ ನಿಜವಲ್ಲ.

ಜರ್ಮನಿಯ ಚಾಲನಾ ಪರವಾನಗಿ ನಿಯಮಾವಳಿಯ ಪ್ರಕಾರ ಐರೋಪ್ಯ ಒಕ್ಕೂಟದ ಹೊರಗಿನ ಬಹುತೇಕ ದೇಶಗಳ ಪರವಾನಗಿಯು, ವ್ಯಕ್ತಿ ಜರ್ಮನಿಯಲ್ಲಿ ವಾಸ್ತವ್ಯ ಹೂಡಿದ ದಿನದಿಂದ ಆರು ತಿಂಗಳವರೆಗೆ ಮಾತ್ರ ಮಾನ್ಯ. ಕಾರು ಖರೀದಿಸಿದ ದಿನದಿಂದ ಅಲ್ಲ, ಮೊದಲ ಬಾರಿ ಚಕ್ರ ಹಿಡಿದ ದಿನದಿಂದಲೂ ಅಲ್ಲ. ನಡುವೆ ದೀಪಾವಳಿಗೆಂದು ಊರಿಗೆ ಹೋಗಿ ಬಂದರೆ ಲೆಕ್ಕ ಮೊದಲಿನಿಂದ ಶುರುವಾಗುವುದೂ ಇಲ್ಲ. ಒಟ್ಟು ವಾಸ್ತವ್ಯ 12 ತಿಂಗಳನ್ನು ಮೀರುವುದಿಲ್ಲ ಎಂದು ದಾಖಲೆ ಸಹಿತ ತೋರಿಸಿದವರಿಗೆ ಮಾತ್ರ ಗಡುವು ವಿಸ್ತರಣೆಯ ಅವಕಾಶವುಂಟು. ಮಕ್ಕಳನ್ನು ನೋಡಲು ಪ್ರವಾಸಿ ವೀಸಾದಲ್ಲಿ ಬರುವ ತಂದೆ-ತಾಯಂದಿರಿಗೆ ಈ ಲೆಕ್ಕಾಚಾರ ಅನ್ವಯಿಸದು.

ಗಡುವು ಮುಗಿದ ಮರುದಿನವೂ ಅದೇ ಡಿಎಲ್ ನಂಬಿ ರಸ್ತೆಗಿಳಿಯುವವರು ಅಲ್ಲಿನ ಕಾನೂನಿನ ದೃಷ್ಟಿಯಲ್ಲಿ ಪರವಾನಗಿಯೇ ಇಲ್ಲದ ಚಾಲಕರು. ಇದು ಸ್ಥಳದಲ್ಲೇ ದಂಡ ಕಟ್ಟಿ ರಸೀದಿ ಪಡೆಯುವ ಸಂಗತಿಯಲ್ಲ. ರಸ್ತೆ ಸಂಚಾರ ಕಾಯ್ದೆಯ 21ನೇ ಕಲಮಿನ ಅನ್ವಯ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ ವಿಧಿಸಬಹುದಾದ ಅಪರಾಧ. ಪರವಾನಗಿ ಇಲ್ಲವೆಂದು ತಿಳಿದೂ ಕಾರು ಕೊಟ್ಟ ಮಾಲೀಕನೂ ಅದೇ ಕಲಮಿನಡಿ ಹೊಣೆಗಾರ. ವಾರಾಂತ್ಯಕ್ಕೆಂದು ಕಾರು ಎರವಲು ಕೊಡುವ ಸ್ನೇಹಿತರು ಇದನ್ನು ನೆನಪಿಡಬೇಕು. ಅಪಘಾತ ಸಂಭವಿಸಿದರೆ ವಿಮಾ ಕಂಪನಿ ಎದುರು ಪಕ್ಷಕ್ಕೆ ಪರಿಹಾರ ನೀಡಿದ ಬಳಿಕ, ಅದರಲ್ಲಿ ಒಂದು ಭಾಗವನ್ನು ಚಾಲಕನಿಂದಲೇ ವಸೂಲು ಮಾಡಲು ಅವಕಾಶವಿದೆ.

ಹಾಗೆಂದು ಆರು ತಿಂಗಳು ಕಳೆದರೆ ಎಲ್ಲವೂ ಮುಗಿಯಿತು ಎಂದೇನೂ ಅಲ್ಲ. ಮುಗಿಯುವುದು ವಾಹನ ಓಡಿಸುವ ಹಕ್ಕು. ಪರವಾನಗಿ ಬದಲಾವಣೆಗೆ ಅರ್ಜಿ ಸಲ್ಲಿಸುವ ಹಕ್ಕಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸಿ, ಗಡುವು ಮೀರಿತೆಂದು ಕೈಚೆಲ್ಲಿ ಸಾವಿರಾರು ಯೂರೊ ತೆತ್ತು ಹೊಸಬರಂತೆ ಡ್ರೈವಿಂಗ್ ಶಾಲೆಗೆ ಸೇರಬೇಕಾದ ಅಗತ್ಯವಿಲ್ಲ.

ಪಟ್ಟಿಯಲ್ಲಿ ಭಾರತ ಏಕಿಲ್ಲ?

ನಿಯಮಾವಳಿಯ 11ನೇ ಅನುಬಂಧದಲ್ಲಿ ದೇಶಗಳ ಪಟ್ಟಿಯೊಂದಿದೆ. ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರ, ದಕ್ಷಿಣ ಆಫ್ರಿಕಾ, ಅಮೆರಿಕದ ಅನೇಕ ರಾಜ್ಯಗಳು ಅದರಲ್ಲಿವೆ. ಆ ಪೈಕಿ ಹೆಚ್ಚಿನವರಿಗೆ ಪರೀಕ್ಷೆಯಿಲ್ಲ. ಅಮೆರಿಕದ ಕೆಲವು ರಾಜ್ಯದವರಿಗೆ ಲಿಖಿತ ಪರೀಕ್ಷೆ ಮಾತ್ರ. ಭಾರತೀಯರು ರಸ್ತೆಯ ಎಡಬದಿಯಲ್ಲಿ ವಾಹನ ಓಡಿಸಿ ಕಲಿತವರಾದ್ದರಿಂದ ಈ ಪಟ್ಟಿಯಲ್ಲಿಲ್ಲ ಎಂಬ ವಾದಕ್ಕೆ ಆಧಾರವಿಲ್ಲ. ಜಪಾನ್, ಸಿಂಗಪುರ, ದಕ್ಷಿಣ ಆಫ್ರಿಕಾಗಳಲ್ಲೂ ಎಡಬದಿಯ ಸಂಚಾರವೇ ಇದೆ. ಪರವಾನಗಿ ನೀಡುವ ಕ್ರಮ ಹಾಗೂ ಪರಸ್ಪರ ಮಾನ್ಯತೆಯೇ ಇಲ್ಲಿ ಮುಖ್ಯ. ಎಂಟು ಬರೆದು ಡಿಎಲ್ ಪಡೆದ ನೆನಪಿರುವವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗದು.

ಪಟ್ಟಿಯಿಂದ ಹೊರಗಿರುವ ದೇಶದವರಿಗೂ ರಿಯಾಯಿತಿಯೊಂದಿದೆ. ಹೊಸದಾಗಿ ಕಲಿಯುವವರಿಗೆ ಕಡ್ಡಾಯವಾಗಿರುವ ತರಗತಿಗಳು, ಹೆದ್ದಾರಿ ಹಾಗೂ ರಾತ್ರಿ ಚಾಲನೆಯ ತರಬೇತಿ ಅವರಿಗೆ ಕಡ್ಡಾಯವಲ್ಲ. ಆದರೆ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆಗಳೆರಡರಲ್ಲೂ ತೇರ್ಗಡೆಯಾಗಲೇಬೇಕು. ‘ಉಮ್‌ಶ್ರೈಬುಂಗ್’ ಎಂದು ಕರೆಯಲಾಗುವ ಈ ಬದಲಾವಣೆಗೆ ವಾಸಸ್ಥಳದ ಪರವಾನಗಿ ಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಮೂಲ ಡಿಎಲ್, ಅದರ ಜರ್ಮನ್ ಅನುವಾದ, ವಿಳಾಸ ನೋಂದಣಿ ಪತ್ರ, ಭಾವಚಿತ್ರ, ದೃಷ್ಟಿ ಪರೀಕ್ಷೆಯ ವರದಿ ಮತ್ತು ಒಂದು ದಿನದ ಪ್ರಥಮ ಚಿಕಿತ್ಸಾ ತರಬೇತಿಯ ಪ್ರಮಾಣಪತ್ರ ಬೇಕಾಗುತ್ತವೆ. ಅನುವಾದವನ್ನು ಅಲ್ಲಿನ ವಾಹನ ಸವಾರರ ಸಂಘಟನೆಯಾದ ಎಡಿಎಸಿ ಸಹ ಮಾಡಿಕೊಡುತ್ತದೆ. ಅರ್ಜಿ ಇತ್ಯರ್ಥಕ್ಕೆ ವಾರಗಳು, ಕೆಲವು ನಗರಗಳಲ್ಲಿ ತಿಂಗಳುಗಳೇ ಹಿಡಿಯುವುದುಂಟು. ಮೊದಲ ತಿಂಗಳಲ್ಲೇ ಅರ್ಜಿ ಹಾಕುವುದು ಲೇಸು.

ಲಿಖಿತ ಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷ್‌ನಲ್ಲೂ ಬರೆಯಬಹುದು. ಭಾರತೀಯ ಭಾಷೆಗಳು ಲಭ್ಯವಿಲ್ಲ. ಒಟ್ಟು 30 ಪ್ರಶ್ನೆಗಳು. ತಪ್ಪಿಗೆ ಪ್ರಶ್ನೆಯ ಗಾಂಭೀರ್ಯಕ್ಕೆ ತಕ್ಕಂತೆ ಎರಡರಿಂದ ಐದು ದೋಷಾಂಕ. ಹತ್ತನ್ನು ಮೀರಿದರೆ ಅನುತ್ತೀರ್ಣ. ಐದು ಅಂಕದ ಎರಡು ಪ್ರಶ್ನೆ ತಪ್ಪಿದರೆ ಮೊತ್ತ ಹತ್ತೇ ಆಗಿದ್ದರೂ ಅನುತ್ತೀರ್ಣವೇ.

ಅನುಭವಿಗಳೂ ಎಡವುವುದು ಇಲ್ಲಿ

ಪ್ರಾಯೋಗಿಕ ಪರೀಕ್ಷೆಯ ಒಟ್ಟು ಅವಧಿ ಸುಮಾರು 55 ನಿಮಿಷ. ಪಕ್ಕದಲ್ಲಿ ಡ್ರೈವಿಂಗ್ ಶಾಲೆಯ ಬೋಧಕ, ಹಿಂದಿನ ಆಸನದಲ್ಲಿ ಪರೀಕ್ಷಕ. ತರಬೇತಿ ಕಡ್ಡಾಯವಲ್ಲದಿದ್ದರೂ ಬೋಧಕನಿಲ್ಲದೆ ಪರೀಕ್ಷೆ ನಡೆಯದು. ಹೀಗಾಗಿ ಶಾಲೆಯೊಂದರ ನೆರವು ಅನಿವಾರ್ಯ. ಸೂಚನೆಗಳು ಜರ್ಮನ್ ಭಾಷೆಯಲ್ಲಿರುತ್ತವೆ.

ಸಿಲ್ಕ್ ಬೋರ್ಡ್ ವೃತ್ತದಲ್ಲಿ ಪಳಗಿದ ಕೈ ಇಲ್ಲಿ ಹೆಚ್ಚು ನೆರವಿಗೆ ಬಾರದು. ಫಲಕ, ಸಿಗ್ನಲ್ ಯಾವುದೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ಮೊದಲ ಹಕ್ಕು. ತಾನು ಹೋಗುತ್ತಿರುವುದು ಅಗಲವಾದ ರಸ್ತೆ, ಅತ್ತಲಿಂದ ಬರುವುದು ಓಣಿಯಿಂದ ಎಂಬ ಸಮರ್ಥನೆ ನಡೆಯುವುದಿಲ್ಲ. ನಮ್ಮಲ್ಲಿ ದೊಡ್ಡ ವಾಹನಕ್ಕೆ ದಾರಿ ಬಿಡುವ ರೂಢಿಯೇ ಕಾನೂನಿನಂತಾಗಿರುವುದರಿಂದ ಈ ನಿಯಮ ಮೈಗೂಡಲು ಸಮಯ ಬೇಕು. ಪಥ ಬದಲಿಸುವಾಗ, ತಿರುಗುವಾಗ ಕನ್ನಡಿ ನೋಡಿದರಷ್ಟೇ ಸಾಲದು. ಕತ್ತು ಹೊರಳಿಸಿ ಭುಜದಾಚೆ ನೋಡಬೇಕು, ನೋಡಿದ್ದು ಪರೀಕ್ಷಕನಿಗೆ ಕಾಣಬೇಕು. ಬಲಕ್ಕೆ ತಿರುಗುವಾಗ ಪಕ್ಕದ ಸೈಕಲ್ ಪಥದಲ್ಲಿ ನೇರ ಹೋಗುವವನಿಗೆ ಆದ್ಯತೆ. ಜೀಬ್ರಾ ಪಟ್ಟೆಯ ಬಳಿ ರಸ್ತೆ ದಾಟಲು ಪಾದಚಾರಿ ನಿಂತಿದ್ದರೆ ಕಾರು ನಿಲ್ಲಲೇಬೇಕು. ಹೆದ್ದಾರಿಯಲ್ಲಿ ಬಲಗಡೆಯಿಂದ ಹಿಂದಿಕ್ಕುವುದು ನಿಷಿದ್ಧ. ಕಾರಣವಿಲ್ಲದೆ ತೀರಾ ನಿಧಾನ ಚಲಿಸಿದರೂ ದೋಷವೆಂದೇ ಪರಿಗಣನೆ. ಹಾರ್ನ್ ಇರುವುದು ಅಪಾಯದ ಎಚ್ಚರಿಕೆಗೆ, ಮುಂದಿನವರನ್ನು ಸರಿಸಲಿಕ್ಕಲ್ಲ. ಗಂಭೀರ ತಪ್ಪೊಂದು ನಡೆದರೆ ಪರೀಕ್ಷೆ ಅಲ್ಲಿಗೇ ಮುಕ್ತಾಯ. ಮರುಪರೀಕ್ಷೆಗೆ ಸಾಮಾನ್ಯವಾಗಿ ಕನಿಷ್ಠ ಎರಡು ವಾರ ಕಾಯಬೇಕು.

ಹತ್ತು-ಹದಿನೈದು ವರ್ಷ ಕಾರು ಓಡಿಸಿದವರು ಪಾಠಗಳಿಗೆ ಹಣ ವ್ಯಯಿಸಲು ಹಿಂಜರಿಯುವುದು ಸಹಜವೇ. ಆದರೆ ಪ್ರತಿ ಸೋಲಿಗೂ ಶುಲ್ಕ ಮತ್ತೆ ಕಟ್ಟಬೇಕಾದ್ದರಿಂದ ಕೆಲವು ಪಾಠಗಳನ್ನು ಮೊದಲೇ ಪಡೆಯುವುದೇ ಅಗ್ಗ.

ತೇರ್ಗಡೆಯಾದವರಿಗೆ ಜರ್ಮನ್ ಪರವಾನಗಿ ಸಿಗುವುದು ಭಾರತದ ಡಿಎಲ್ ಒಪ್ಪಿಸಿದ ಮೇಲೆಯೇ. ಅದು ಕಚೇರಿಯ ವಶದಲ್ಲಿರುತ್ತದೆ. ಸ್ವದೇಶಕ್ಕೆ ಮರಳುವಾಗ ಅದು ಬೇಕೆಂದರೆ ಸಾಮಾನ್ಯವಾಗಿ ಜರ್ಮನ್ ಪರವಾನಗಿಯನ್ನು ಹಿಂದಿರುಗಿಸಬೇಕು. ಬೈಕ್ ಪರವಾನಗಿಯೂ ಬೇಕೆಂದರೆ ಆ ವರ್ಗಕ್ಕೆ ಪ್ರತ್ಯೇಕ ಪರೀಕ್ಷೆ ಇದೆ.

ಹೊರಡುವ ಮುನ್ನ ಡಿಎಲ್ ಅವಧಿಯನ್ನು ನೋಡಿಕೊಳ್ಳಬೇಕು. ಅವಧಿ ಮೀರಿದ ಪರವಾನಗಿಯ ಆಧಾರದಲ್ಲಿ ರಿಯಾಯಿತಿ ಕೇಳುವುದು ಕಷ್ಟ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣ ಸಾಧ್ಯ. ಆರ್‌ಟಿಒ ನೀಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಒಂದು ವರ್ಷ ಮಾನ್ಯವಾದರೂ ಜರ್ಮನಿಯ ಆರು ತಿಂಗಳ ಗಡುವನ್ನು ಅದು ವಿಸ್ತರಿಸದು. ಎಲ್‌ಎಲ್‌ಆರ್‌ಗೆ ಅಲ್ಲಿ ಯಾವ ಬೆಲೆಯೂ ಇಲ್ಲ. ಜರ್ಮನಿಯಲ್ಲಿ ನೆಲೆಸಿದ ಬಳಿಕ ರಜೆಗೆ ಊರಿಗೆ ಬಂದು ಮಾಡಿಸಿಕೊಂಡ ಡಿಎಲ್ ಕೂಡ ಅಲ್ಲಿ ಮಾನ್ಯವಲ್ಲ. ಅಂಥವರು ಡ್ರೈವಿಂಗ್ ಶಾಲೆಯಲ್ಲಿ ಮೊದಲ ತರಗತಿಯಿಂದಲೇ ಆರಂಭಿಸಬೇಕಾಗುತ್ತದೆ.