ಹೈಡ್ರೋಪೋನಿಕ್ಸ್‌ನಲ್ಲಿ ಎಲೆ ಹಳದಿಯಾದರೆ ಗೊಬ್ಬರ ಹೆಚ್ಚಿಸಬೇಕೇ?

ಮಣ್ಣಿಲ್ಲದೆ, ಪೋಷಕಾಂಶ ಬೆರೆಸಿದ ನೀರಿನಲ್ಲಿ ಸೊಪ್ಪು ಬೆಳೆಯುವ ಅನೇಕರು ಎಲೆ ಹಳದಿಯಾದ ಕೂಡಲೇ ಗೊಬ್ಬರ ಹೆಚ್ಚಿಸುತ್ತಾರೆ. ಇದು ಯಾವಾಗಲೂ ಸರಿಯಲ್ಲ. ಎಷ್ಟೋ ಸಲ ಪೋಷಕಾಂಶ ನೀರಿನಲ್ಲೇ ಇರುತ್ತದೆ, ಬೇರಿಗೆ ಸಿಗುತ್ತಿರುವುದಿಲ್ಲ ಅಷ್ಟೇ. ಅದಕ್ಕೆ ಮುಖ್ಯ ಕಾರಣ ದ್ರಾವಣದ ಪಿಎಚ್, ಅಂದರೆ ರಸಸಾರ.

ರಸಸಾರ ಎಷ್ಟಿರಬೇಕು?

ಈ ಅಳತೆಯಲ್ಲಿ 7 ತಟಸ್ಥ. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಒಂದು ಅಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟಾಗುತ್ತದೆ. ತಟಸ್ಥ ನೀರೇ ಗಿಡಕ್ಕೆ ಒಳ್ಳೆಯದೆಂದು ನಾವು ಭಾವಿಸುತ್ತೇವೆ. ಆದರೆ ಹೈಡ್ರೋಪೋನಿಕ್ಸ್‌ನ ಹೆಚ್ಚಿನ ಬೆಳೆಗಳಿಗೆ 5.5ರಿಂದ 6.5 ಸೂಕ್ತ. 7 ದಾಟಿದಾಗ ಕಬ್ಬಿಣ ಕರಗಿದ ರೂಪದಲ್ಲಿ ಉಳಿಯುವುದು ಕಷ್ಟ, ರಂಜಕವು ಕ್ಯಾಲ್ಸಿಯಂ ಜೊತೆ ಸೇರಿ ತಳ ಸೇರುತ್ತದೆ. ತೀರಾ ಇಳಿದರೆ ಬೇರಿಗೇ ಪೆಟ್ಟು.

ಎಳೆ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆಯ ಲಕ್ಷಣ. ಮೊದಲು ಹಳೆಯ ಎಲೆಗಳು ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಪರೀಕ್ಷಿಸದೆ ಗೊಬ್ಬರ ಸುರಿದರೆ ಲವಣಾಂಶ ಏರಿ, ಬೇರು ನೀರು ಹೀರುವುದೂ ಕಷ್ಟವಾಗುತ್ತದೆ.

ಸರಿಪಡಿಸಿದರೂ ಮತ್ತೆ ಏರುವುದೇಕೆ?

ಬೇರು ನೈಟ್ರೇಟ್ ಹೀರಿಕೊಂಡಾಗ ಸುತ್ತಲಿನ ದ್ರಾವಣ ಕ್ಷಾರದತ್ತ ಸರಿಯುತ್ತದೆ. ಅಮೋನಿಯಂ ಹೀರಿದರೆ ಆಮ್ಲದತ್ತ. ಇನ್ನೊಂದು ಕಾರಣ ನೀರಿನದೇ. ನಮ್ಮ ಬಯಲುಸೀಮೆಯ ಅನೇಕ ಬೋರ್‌ವೆಲ್‌ಗಳ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್, ನಾವು ಹಾಕಿದ ಆಮ್ಲವನ್ನು ನಿಷ್ಕ್ರಿಯಗೊಳಿಸುತ್ತದೆ. ಮಳೆನೀರು ಬೆರೆಸಿದರೆ ಈ ತೊಂದರೆ ತಗ್ಗುತ್ತದೆ.

ನಿಂಬೆರಸ, ವಿನೆಗರ್ ಸಾಕೇ?

ಇವು ರಸಸಾರವನ್ನು ಇಳಿಸುವುದು ನಿಜ. ಆದರೆ ಇವುಗಳಲ್ಲಿನ ಸಾವಯವ ಆಮ್ಲವನ್ನು ಸೂಕ್ಷ್ಮಜೀವಿಗಳು ತಿಂದುಬಿಡುವುದರಿಂದ ಪರಿಣಾಮ ಹೆಚ್ಚು ದಿನ ನಿಲ್ಲದು. ಬೆಳೆಗಾರರು ಸಾಮಾನ್ಯವಾಗಿ ಇಳಿಸಲು ಫಾಸ್ಫಾರಿಕ್ ಅಥವಾ ನೈಟ್ರಿಕ್ ಆಮ್ಲ, ಏರಿಸಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸುತ್ತಾರೆ. ಇವೆಲ್ಲ ಚರ್ಮ, ಕಣ್ಣು ಸುಡುವಂಥವು. ಕೈಗವಸು, ಕನ್ನಡಕ ಕಡ್ಡಾಯ. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ಆಮ್ಲಕ್ಕೆ ನೀರು ಸುರಿಯಬಾರದು. ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಅಳೆಯುವುದು ಹೇಗೆ?

ಪಿಎಚ್ ಮೀಟರನ್ನು 4 ಮತ್ತು 7ರ ಬಫರ್ ದ್ರಾವಣಗಳಲ್ಲಿ ಆಗಾಗ ಸರಿಹೊಂದಿಸಿ. ಗೊಬ್ಬರ ಬೆರೆಸಿದ ಮೇಲೆ ಅಳೆಯಿರಿ, ಏಕೆಂದರೆ ಗೊಬ್ಬರವೂ ರಸಸಾರವನ್ನು ಬದಲಿಸುತ್ತದೆ. ನೀರು ಬೆರೆಸಿ ತೆಳುವಾಗಿಸಿದ ಆಮ್ಲವನ್ನು ಸ್ವಲ್ಪಸ್ವಲ್ಪವೇ ಹಾಕಿ, ಕಲಕಿ, ಮತ್ತೆ ಅಳೆಯಿರಿ. ರಸಸಾರ ಸರಿಯಾದ ಮೇಲೂ ಹಳದಿಯಾದ ಎಲೆಗಳೆಲ್ಲ ಹಸಿರಾಗುವುದಿಲ್ಲ. ಹೊಸದಾಗಿ ಬರುವ ಎಲೆಯ ಬಣ್ಣ ನೋಡಿ ನಿರ್ಧರಿಸಿ.