ಮುಖಚರ್ಮಕ್ಕೆ ಪಿಆರ್‌ಪಿ: ಎಣಿಕೆಯಿಲ್ಲದ ಚಿಕಿತ್ಸೆ, ಅರ್ಧ ಪುರಾವೆ

ಹೈದರಾಬಾದಿನ ಪಶ್ಚಿಮ ಅಂಚಿನ ಲಿಂಗಂಪಲ್ಲಿ ಕಲ್ಯಾಣ ಕರ್ನಾಟಕದವರಿಗೆ ಪರವೂರಲ್ಲ. ವಾಡಿ, ತಾಂಡೂರು, ವಿಕಾರಾಬಾದ್ ದಾಟಿ ಸಿಕಂದರಾಬಾದಿಗೆ ಹೋಗುವ ಹಳಿ ಈ ನಿಲ್ದಾಣವನ್ನು ಹಾದೇ ಹೋಗುತ್ತದೆ. ಬಿಎಚ್‌ಇಎಲ್ ಟೌನ್‌ಶಿಪ್, ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ, ಗಚ್ಚಿಬೌಲಿಯ ಸಾಫ್ಟ್‌ವೇರ್ ಕಚೇರಿಗಳು ಎಲ್ಲವೂ ಹತ್ತಿರ. ಕೆಲಸಕ್ಕೋ ಓದಿಗೋ ಬಂದು ನೆಲೆಸಿದ ಕನ್ನಡದ ಮನೆಗಳು ಇಲ್ಲಿವೆ. ಇಲ್ಲಿಂದ ನಲ್ಲಗಂಡ್ಲ, ಚಂದಾನಗರ, ಕೊಂಡಾಪುರದ ಕಡೆಗೆ ಹೋದರೆ ಚರ್ಮ ಮತ್ತು ಕೂದಲಿನ ಕ್ಲಿನಿಕ್‌ಗಳು ಕಾಣುತ್ತವೆ. ಅಂಥ ಕ್ಲಿನಿಕ್‌ಗಳ ಪಟ್ಟಿಯಲ್ಲಿ ‘ಪಿಆರ್‌ಪಿ’ (ಪ್ಲೇಟ್‌ಲೆಟ್-ರಿಚ್ ಪ್ಲಾಸ್ಮಾ) ಈಗ ಮಾಮೂಲು ಹೆಸರು. ಮುಖದ ಚರ್ಮಕ್ಕೆ ಹೊಸ ಕಳೆ ಕೊಡುತ್ತದೆ ಎಂಬ ಮಾತಿಗೆ ಆಧಾರವೆಷ್ಟು ಎಂಬುದು ಈ ಟಿಪ್ಪಣಿಯ ವಿಷಯ.

ಪ್ಲೇಟ್‌ಲೆಟ್ ಎಂಬ ಮಾತು ನಮ್ಮ ಮನೆಗಳಿಗೆ ಬಂದದ್ದು ಡೆಂಗಿ ಜ್ವರದ ಜೊತೆ. ಆರೋಗ್ಯವಂತರ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಅವು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ರಕ್ತ ಹೆಪ್ಪುಗಟ್ಟಿಸುವುದಷ್ಟೇ ಅವುಗಳ ಕೆಲಸವಲ್ಲ. ಒಳಗಿನ ಆಲ್ಫಾ ಕಣಿಕೆಗಳಲ್ಲಿ ಗಾಯ ಮಾಯಿಸುವ ಬೆಳವಣಿಗೆ ಅಂಶಗಳೂ ಇರುತ್ತವೆ. ರೋಗಿಯದೇ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಕೆಂಪು ಕಣಗಳನ್ನು ಬೇರ್ಪಡಿಸಿ, ಪ್ಲೇಟ್‌ಲೆಟ್ ದಟ್ಟವಾಗಿರುವ ಹಳದಿ ದ್ರವವನ್ನು ಚರ್ಮಕ್ಕೆ ಚುಚ್ಚುವುದೇ ಪಿಆರ್‌ಪಿ. ಇದು ಸೌಂದರ್ಯ ಚಿಕಿತ್ಸೆಯಾಗಿ ಹುಟ್ಟಿದ್ದಲ್ಲ. ಹೆಚ್ಚು ಜನರ ಗಮನಕ್ಕೆ ಬಂದದ್ದು 1998ರಲ್ಲಿ, ಅಮೆರಿಕದ ರಾಬರ್ಟ್ ಮಾರ್ಕ್ಸ್ ಮತ್ತು ಸಂಗಡಿಗರು ದವಡೆಯ ಮೂಳೆ ಕಸಿಗೆ ಇದನ್ನು ಬಳಸಿದಾಗ. ಮುಖಕ್ಕೆ ಬಂದದ್ದು ಆಮೇಲೆ. ‘ವ್ಯಾಂಪೈರ್ ಫೇಶಿಯಲ್’ ಎಂಬ ಹೆಸರಿನಲ್ಲಿ 2013ರ ಹೊತ್ತಿಗೆ ಚಿತ್ರತಾರೆಯರ ಸುದ್ದಿಯೂ ಆಯಿತು.

ನನ್ನ ಮುಖ್ಯ ತಕರಾರು ಇಲ್ಲಿಂದಲೇ ಶುರು. ಪಿಆರ್‌ಪಿ ಎಂಬುದು ಒಂದೇ ಔಷಧವಲ್ಲ. ಲೆಕ್ಕ ಹಾಕಿ ನೋಡೋಣ. ಒಬ್ಬರ ರಕ್ತದಲ್ಲಿ ಮೈಕ್ರೊಲೀಟರಿಗೆ ಎರಡೂವರೆ ಲಕ್ಷ ಪ್ಲೇಟ್‌ಲೆಟ್ ಇದ್ದರೆ 20 ಮಿಲಿಲೀಟರ್ ರಕ್ತದಲ್ಲಿ ಒಟ್ಟು 500 ಕೋಟಿ. ಅದರಲ್ಲಿ ಶೇ. 60ರಷ್ಟು ಕೈಗೆ ಸಿಕ್ಕು, 2 ಮಿಲಿಲೀಟರ್ ದ್ರವದಲ್ಲಿ ಉಳಿದರೆ ದಟ್ಟಣೆ ಮೈಕ್ರೊಲೀಟರಿಗೆ 15 ಲಕ್ಷ. ಎಣಿಕೆ ಒಂದೂವರೆ ಲಕ್ಷವಿರುವವರಿಗೆ ಅದೇ ಯಂತ್ರ, ಅದೇ ಕೈ ಕೊಡುವುದು 9 ಲಕ್ಷ. ಮಾರ್ಕ್ಸ್ ಸೂಚಿಸಿದ ಗುರಿ 10 ಲಕ್ಷ. ಅಂದರೆ ಒಬ್ಬರು ಗುರಿ ದಾಟಿದರು, ಇನ್ನೊಬ್ಬರು ಮುಟ್ಟಲೇ ಇಲ್ಲ. ಬಿಲ್ಲಿನಲ್ಲಿ ಮಾತ್ರ ಇಬ್ಬರದೂ ಪಿಆರ್‌ಪಿಯೇ. ಯಂತ್ರದ್ದು ಇನ್ನೊಂದು ತೊಡಕು. ನಿಮಿಷಕ್ಕೆ 3,000 ಸುತ್ತು ಎಂದು ಬರೆದಿಟ್ಟರೆ ಸಾಲದು. ಸೆಂಟ್ರಿಫ್ಯೂಜ್‌ನ ತ್ರಿಜ್ಯ 8 ಸೆಂಟಿಮೀಟರ್ ಇದ್ದರೆ ಆ ವೇಗದಲ್ಲಿ ಹುಟ್ಟುವ ಬಲ ಗುರುತ್ವದ ಸುಮಾರು 800 ಪಟ್ಟು. 16 ಸೆಂಟಿಮೀಟರ್ ಇದ್ದರೆ 1,600 ಪಟ್ಟು. ಬಿಳಿ ರಕ್ತಕಣಗಳನ್ನು ಉಳಿಸಿಕೊಂಡರೋ ತೆಗೆದರೋ ಎಂಬುದರ ಮೇಲೂ ದ್ರವದ ಗುಣ ಬದಲಾಗುತ್ತದೆ.

ಗಾಯದ ವಿಷಯದಲ್ಲಿ ಕರ್ನಾಟಕದಿಂದಲೇ ಗಮನಾರ್ಹ ವರದಿಗಳಿವೆ. ಬೆಂಗಳೂರು ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ರೋಗಿಗಳ ಕಾಲಿನ ಮಾಯದ 33 ಹುಣ್ಣುಗಳಿಗೆ ವಾರಕ್ಕೊಮ್ಮೆ, ಹೆಚ್ಚೆಂದರೆ ಆರು ಬಾರಿ ಪಿಆರ್‌ಪಿ ಹಚ್ಚಲಾಯಿತು. 25 ಹುಣ್ಣುಗಳು ಪೂರ್ತಿ ಮುಚ್ಚಿದವು. ರಾಜಾಜಿನಗರದ ಇಎಸ್‌ಐ ವೈದ್ಯಕೀಯ ಕಾಲೇಜಿನವರು ಕುಷ್ಠರೋಗಿಗಳ ಪಾದದ ಹುಣ್ಣುಗಳಿಗೆ ಇದೇ ಬಳಗದ ಪಿಆರ್‌ಎಫ್ (ಪ್ಲೇಟ್‌ಲೆಟ್-ರಿಚ್ ಫೈಬ್ರಿನ್) ಬಳಸಿ ಒಳ್ಳೆಯ ಫಲ ಕಂಡಿದ್ದಾರೆ. ಇವು ಹೋಲಿಕೆಗೆ ಇನ್ನೊಂದು ಗುಂಪಿಲ್ಲದ ಸಣ್ಣ ಅಧ್ಯಯನಗಳು ಎಂಬುದನ್ನು ಮರೆಯುವಂತಿಲ್ಲ. ಆದರೂ ವರ್ಷಗಟ್ಟಲೆ ಬ್ಯಾಂಡೇಜು ಬದಲಿಸುತ್ತ ಬಂದವರ ಹುಣ್ಣು ಮಾಯುವುದೆಂದರೆ ಸಣ್ಣ ಸಂಗತಿಯಲ್ಲ. ತೆರೆದ ಹುಣ್ಣಿನಲ್ಲಿ ಪ್ಲೇಟ್‌ಲೆಟ್ ತನ್ನ ಹುಟ್ಟುಗುಣದ ಕೆಲಸವನ್ನೇ ಮಾಡುತ್ತದೆ.

ಮುಖದ ಚರ್ಮದಲ್ಲಿ ಹುಣ್ಣಿಲ್ಲ. ಅಲ್ಲಿರುವುದು ವರ್ಷಗಳ ಬಿಸಿಲು, ಸವೆದ ಕೊಲಾಜೆನ್. ಕೊರಿಯಾದ ಸಂಶೋಧಕರು 2011ರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದ ಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳಿಗೆ ಪಿಆರ್‌ಪಿ ಸೇರಿಸಿದಾಗ ಕೊಲಾಜೆನ್ ಉತ್ಪಾದನೆ ಹೆಚ್ಚಿತು, ಹಳೆಯ ಕೊಲಾಜೆನ್ ಕತ್ತರಿಸುವ ಎಂಎಂಪಿ-1 ಕಿಣ್ವವೂ ಹೆಚ್ಚಿತು. ಹಳೆಯದನ್ನು ಒಡೆದು ಹೊಸದನ್ನು ಕಟ್ಟುವ ಕೆಲಸಕ್ಕೆ ಎರಡೂ ಬೇಕು, ಹಾಗಾಗಿ ಇದು ಆಶಾದಾಯಕ. ಆದರೆ ತಟ್ಟೆಯಲ್ಲಿನ ಕೋಶ ಮುಖವಲ್ಲ.

ಮುಖದ ಮೇಲೆಯೇ ನಡೆದ ಎಚ್ಚರದ ಪರೀಕ್ಷೆಯೊಂದು 2018ರಲ್ಲಿ ಜಾಮಾ ಡರ್ಮಟಾಲಜಿ ಪತ್ರಿಕೆಯಲ್ಲಿ ಬಂತು. ಮುರಾದ್ ಆಲಂ ಮತ್ತು ಸಂಗಡಿಗರು 27 ಜನರನ್ನು ಸೇರಿಸಿಕೊಂಡು ಒಂದು ಕೆನ್ನೆಗೆ ಪಿಆರ್‌ಪಿ, ಇನ್ನೊಂದಕ್ಕೆ ಬರಿಯ ಸಲೈನ್ ಚುಚ್ಚಿದರು. ಯಾವ ಕಡೆ ಯಾವುದು ಎಂದು ತಿಳಿಯದ ತಜ್ಞರಿಗೆ ಆರು ತಿಂಗಳ ನಂತರ ಎರಡೂ ಕೆನ್ನೆಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಚಿಕಿತ್ಸೆ ಪಡೆದವರು ಮಾತ್ರ ಪಿಆರ್‌ಪಿ ಬಿದ್ದ ಕಡೆಯ ಚರ್ಮದ ಹದ ಉತ್ತಮವಾಗಿದೆ ಎಂದರು, ಅದೂ ಯಾವ ಕಡೆ ಯಾವುದೆಂದು ತಿಳಿಯದೆ. ಈ ಎರಡನೆಯ ಮಾತನ್ನು ಭ್ರಮೆಯೆಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಕಣ್ಣಿಗೆ ಕಾಣದ್ದು ಬೆರಳಿಗೆ ತಿಳಿದಿರಬಹುದು. ಹಾಗೆಂದು ತಜ್ಞರ ತೀರ್ಪನ್ನು ಬಿಟ್ಟು ಬರೀ ಇದನ್ನು ಜಾಹೀರಾತಿಗೆ ಎತ್ತಿಕೊಳ್ಳುವುದು ಅರ್ಧಸತ್ಯ. ಒಂದೇ ಸಲದ ಚುಚ್ಚುವಿಕೆಯ ಫಲವಿದು ಎಂಬುದನ್ನೂ ಗಮನಿಸಬೇಕು. ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಸಿಟ್ಟಿಂಗ್ ಹೇಳುತ್ತಾರೆ.

ನಮ್ಮ ಚರ್ಮದ ಪ್ರಶ್ನೆಯೂ ಇದೆ. ಮೆಲನಿನ್ ಹೆಚ್ಚಿರುವ ದಖ್ಖನಿನ ಚರ್ಮದಲ್ಲಿ ಮುಪ್ಪು ಮೊದಲು ಸಣ್ಣ ಗೆರೆಗಿಂತ ಕಪ್ಪು ಕಲೆ, ಬಂಗು, ಅಸಮ ಬಣ್ಣವಾಗಿ ಕಾಣಿಸಿಕೊಳ್ಳುವುದೇ ಹೆಚ್ಚು. ಬಿಳಿಯರ ಮುಖದ ಸುಕ್ಕು ಅಳೆದ ಫಲಿತಾಂಶವನ್ನು ಹಾಗೇ ಇಲ್ಲಿಗೆ ತರಲಾಗದು. ಬಿಸಿಲಿನಿಂದ ಕಾಪಾಡಿಕೊಳ್ಳುವುದಕ್ಕೆ ಇರುವ ಪುರಾವೆ ಪಿಆರ್‌ಪಿಗೆ ಇರುವುದಕ್ಕಿಂತ ಬಲವಾದದ್ದು: ಆಸ್ಟ್ರೇಲಿಯದ ನ್ಯಾಂಬೋರ್‌ನಲ್ಲಿ 903 ವಯಸ್ಕರನ್ನು ನಾಲ್ಕೂವರೆ ವರ್ಷ ಗಮನಿಸಿದ 2013ರ ವರದಿಯಲ್ಲಿ, ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮದ ಮುಪ್ಪು ಬೇಕೆನಿಸಿದಾಗ ಹಚ್ಚಿದವರಿಗಿಂತ ಶೇ. 24ರಷ್ಟು ಕಡಿಮೆಯಿತ್ತು.

ಸ್ವಂತ ರಕ್ತವಾದ್ದರಿಂದ ಅಪಾಯವಿಲ್ಲ ಎಂಬ ಮಾತನ್ನೂ ತಿದ್ದಬೇಕು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಪರವಾನಗಿ ಇಲ್ಲದ ಸ್ಪಾ ಒಂದರ ಪಿಆರ್‌ಪಿ ಫೇಶಿಯಲ್‌ನಿಂದ ಎಚ್‌ಐವಿ ಹರಡಿದ್ದನ್ನು ಆ ದೇಶದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಮಾಡಿತು. ಹೆಸರು ಬರೆಯದ ರಕ್ತದ ಟ್ಯೂಬುಗಳು ಆ ಸ್ಪಾದ ಅಡುಗೆಮನೆಯ ಫ್ರಿಜ್‌ನಲ್ಲಿ ಆಹಾರದ ಜೊತೆ ಸಿಕ್ಕಿದ್ದವು. ಟ್ಯೂಬು ಅದಲುಬದಲಾದರೆ, ಸೂಜಿ ಮರುಬಳಕೆಯಾದರೆ ರಕ್ತ ಸ್ವಂತದ್ದಾಗಿ ಉಳಿಯುವುದಿಲ್ಲ.

ಲಿಂಗಂಪಲ್ಲಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಈ ಚಿಕಿತ್ಸೆ ಮಾಡುವ ವೈದ್ಯರು ಪ್ರತಿ ಸಿಟ್ಟಿಂಗ್‌ಗೂ ನಾಲ್ಕು ಸಂಗತಿ ದಾಖಲಿಸಬೇಕು: ರಕ್ತದಲ್ಲಿನ ಎಣಿಕೆ, ತಯಾರಾದ ದ್ರವದಲ್ಲಿನ ಎಣಿಕೆ, ಸೆಂಟ್ರಿಫ್ಯೂಜ್‌ನ ನಿಜವಾದ ಬಲ, ಚುಚ್ಚಿದ ಪ್ರಮಾಣ. ಜೊತೆಗೆ ಒಂದೇ ಬೆಳಕಿನಲ್ಲಿ, ಒಂದೇ ಕೋನದಲ್ಲಿ ತೆಗೆದ ಮುಂಚಿನ ಮತ್ತು ನಂತರದ ಫೋಟೊ. ರಕ್ತದ ಎಣಿಕೆ ಯಾವುದೇ ಸಾಧಾರಣ ಲ್ಯಾಬಿನಲ್ಲಿ ಆಗುವ ಕೆಲಸ. ಕಂದು ಚರ್ಮದ ಮೇಲೆ ಪಿಆರ್‌ಪಿ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಸಂಶೋಧಕನಿಗೆ ಬೇಕಿರುವುದು ಇದೇ ದಾಖಲೆ, ಮತ್ತು ಅದರ ಪ್ರತಿ ಹಣ ಕೊಟ್ಟ ರೋಗಿಯ ಕೈಗೂ ಸಿಗಬೇಕು.